ಸೂಪಾ ಮುಳುಗಿತು, ಗಣೇಶಗುಡಿ ತೇಲಿತು

ಜೋಯಿಡಾ: ಮಳೆಗಾಲ ಮುಗಿದ ಮೇಲಿನ ಶನಿವಾರಗಳಂದು ಗಣೇಶಗುಡಿಯ ನದಿದಂಡೆಯಲ್ಲಿ ಜಾತ್ರೆಯ ವಾತಾವರಣವಿರುತ್ತದೆ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಪುಣೆ, ಗೋವಾಗಳಿಂದ ಬಂದ ವಾಹನಗಳು ರಸ್ತೆಯ ಎರಡೂ ಬದಿಗೆ ನಿಲ್ಲುತ್ತವೆ. ಜೀವರಕ್ಷಕ ಜಾಕೆಟ್ ತೊಟ್ಟ ಯುವಕ ಯುವತಿಯರು ನದಿಯತ್ತ ನೋಡುತ್ತ ಕುಳಿತಿರುತ್ತಾರೆ. ಅವರು ಕಾಯುತ್ತಿರುವುದು ನೀರಿಗಾಗಿ. ಮೇಲ್ಗಡೆಯ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಲ್ಲಿ ಯಂತ್ರ ತಿರುಗಿದರೆ ಕಾಳಿ ನದಿಗೆ ನೀರು ಬರುತ್ತದೆ, ರಾಫ್ಟ್‌ಗಳು ಹೊರಡುತ್ತವೆ. ಯಂತ್ರ ನಿಂತರೆ ಅಂದಿನ ದುಡಿಮೆಯೂ ನಿಲ್ಲುತ್ತದೆ.

ದಂಡೆಯ ಮೇಲೆ ಕಾಯುವವರಲ್ಲಿ ಬಹುತೇಕರಿಗೆ ಸೂಪಾ ಎಂದರೆ ಒಂದು ಅಣೆಕಟ್ಟು. ಪತ್ರಿಕೆ ಓದುವ ಅಭ್ಯಾಸವಿದ್ದವರಿಗೆ ಅದು ಮಳೆಗಾಲದ ಜಲಾಶಯ ಮಟ್ಟದ ಪಟ್ಟಿಯಲ್ಲಿ ಲಿಂಗನಮಕ್ಕಿ, ಮಾಣಿಗಳ ಜತೆಗೆ ಬರುವ ಮತ್ತೊಂದು ಹೆಸರು. ಆದರೆ ಸೂಪಾ ಒಂದು ಊರಾಗಿತ್ತು. ತಾಲೂಕು ಕೇಂದ್ರವಾಗಿತ್ತು. ಪೇಟೆ, ಕಚೇರಿ, ದೇವಸ್ಥಾನ, ಶಾಲೆ ಎಲ್ಲವನ್ನೂ ಹೊಂದಿದ್ದ ಆ ಊರು ಇಂದು ಜಲಾಶಯದ ತಳದಲ್ಲಿದೆ. ಅದರ ನೀರಿನ ಕೆಳಗೆ ಒಂದು ಊರು ಅಳಿಯಿತು. ಅದೇ ನೀರಿನ ಬಲದಿಂದ ಮತ್ತೊಂದು ಊರು ಪ್ರವಾಸಿ ತಾಣವಾಗಿ ಬೆಳೆಯಿತು. ಈ ಎರಡು ಊರುಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ಮಾತ್ರ ಸರಕಾರದ ಯಾವ ಇಲಾಖೆಯಿಂದಲೂ ನಡೆದಂತಿಲ್ಲ.

ಸಂಗಮದ ಊರು

ಕಾಳಿ ನದಿ ಹುಟ್ಟುವುದು ಜೋಯಿಡಾ ತಾಲೂಕಿನ ಡಿಗ್ಗಿ ಪ್ರದೇಶದಲ್ಲಿ, ಗೋವಾ ಗಡಿಗೆ ಹತ್ತಿರದ ದಟ್ಟ ಕಾಡಿನಲ್ಲಿ. ಸುಮಾರು 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಅರಬ್ಬಿ ಸಮುದ್ರ ಸೇರುವ ಈ ನದಿ, ಹುಟ್ಟಿನಿಂದ ಸಮುದ್ರದವರೆಗೂ ಉತ್ತರ ಕನ್ನಡ ಜಿಲ್ಲೆಯ ನದಿ. ಅದರ ಮೇಲ್ದಂಡೆಯಲ್ಲಿ, ಪಾಂಢರಿ ಹೊಳೆ ಬಂದು ಕೂಡುವ ಸಂಗಮದಲ್ಲಿ ಸೂಪಾ ಪಟ್ಟಣವಿತ್ತು.

ಇಬ್ಭಾಗವಾದ ಕೆನರಾ ಜಿಲ್ಲೆಯ ಉತ್ತರ ಭಾಗ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಹಳಿಯಾಳ, ಸೂಪಾ ಭಾಗದ ಸಾಗುವಾನಿ ಕಾಡು ಬ್ರಿಟಿಷ್ ಆಡಳಿತಕ್ಕೆ ಬೇಕಾದ ಸಂಪತ್ತಾಗಿತ್ತು. ಘಟ್ಟದ ಮೇಲಿನ ಬಯಲು ಸೀಮೆಗೂ ಪೋರ್ಚುಗೀಸರ ಗೋವೆಗೂ ನಡುವೆ ಈ ಸೀಮೆ ಇತ್ತು. ಕನ್ನಡ, ಕೊಂಕಣಿ, ಮರಾಠಿ ಮೂರೂ ಇಲ್ಲಿ ಮನೆಮಾತುಗಳು. ಕುಣಬಿ, ಗೌಳಿ, ಮರಾಠ, ಸಿದ್ದಿ, ಹವ್ಯಕ ಮೊದಲಾದ ಸಮುದಾಯಗಳು ಕಾಡಿನ ನಡುವಿನ ಬಯಲುಗಳಲ್ಲಿ ಗದ್ದೆ, ತೋಟ, ಹಟ್ಟಿ ಮಾಡಿಕೊಂಡಿದ್ದವು. ಹನ್ನೆರಡನೇ ಶತಮಾನದ ಕಲ್ಯಾಣದ ಕ್ರಾಂತಿಯ ನಂತರ ಚನ್ನಬಸವಣ್ಣನವರು ಶರಣರೊಡನೆ ಬಂದು ನೆಲೆಸಿದ ಉಳವಿಯೂ ಇದೇ ತಾಲೂಕಿನಲ್ಲಿದೆ. ಇಂದಿಗೂ ಉತ್ತರ ಕರ್ನಾಟಕದ ರೈತರು ಉಳವಿ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಬರುತ್ತಾರೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದೇ ಕಾಲಕ್ಕೆ ಪಕ್ಕದ ದಾಂಡೇಲಿಯ ಚಹರೆ ಬದಲಾಗತೊಡಗಿತ್ತು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ಉತ್ಪಾದನೆ ಆರಂಭಿಸಿತು. ಕಾಡಿನ ಬಿದಿರು, ನದಿಯ ನೀರು ಕಾರ್ಖಾನೆಗೆ ಕಚ್ಚಾ ಸಾಮಗ್ರಿಯಾದವು. 1956ರಲ್ಲಿ ದಾಂಡೇಲಿ ವನ್ಯಜೀವಿ ಧಾಮದ ಘೋಷಣೆಯೂ ಆಯಿತು. ಒಂದೇ ಕಾಡನ್ನು ಒಂದು ಕೈಯಲ್ಲಿ ಕಾರ್ಖಾನೆಗೂ ಇನ್ನೊಂದು ಕೈಯಲ್ಲಿ ವನ್ಯಜೀವಿಗೂ ಬರೆದುಕೊಟ್ಟ ಈ ದ್ವಂದ್ವ ನೀತಿ ಮುಂದಿನ ಎಲ್ಲ ತೊಡಕುಗಳ ಬೀಜ ಎಂದರೆ ತಪ್ಪಾಗಲಾರದು. ಸೂಪಾ ಮಾತ್ರ ಆಗಿನ್ನೂ ತನ್ನ ಪಾಡಿಗೆ ತಾನಿದ್ದ ಸಣ್ಣ ಪೇಟೆ.

ಅಣೆಕಟ್ಟು ಬಂದ ಬಗೆ

ಶರಾವತಿಯ ವಿದ್ಯುತ್ತಿನ ರುಚಿ ಕಂಡ ರಾಜ್ಯಕ್ಕೆ ಮುಂದಿನ ನದಿಯಾಗಿ ಕಂಡದ್ದು ಕಾಳಿ. 1970ರಲ್ಲಿ ಸ್ಥಾಪನೆಯಾದ ವಿದ್ಯುತ್ ನಿಗಮ (ಇಂದಿನ ಕರ್ನಾಟಕ ವಿದ್ಯುತ್ ನಿಗಮ, ಅಂದರೆ ಕೆಪಿಸಿ) ಕಾಳಿ ಯೋಜನೆಯನ್ನು ಕೈಗೆತ್ತಿಕೊಂಡಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮರುವರ್ಷ, 1974ರಲ್ಲಿ, ಸೂಪಾ ಅಣೆಕಟ್ಟಿನ ಕೆಲಸ ಶುರುವಾಯಿತು. 101 ಮೀಟರ್ ಎತ್ತರ, 332 ಮೀಟರ್ ಉದ್ದದ ಕಾಂಕ್ರೀಟ್ ಕಟ್ಟೆ 1987ರ ಹೊತ್ತಿಗೆ ಪೂರ್ಣಗೊಂಡಿತು.

ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 564 ಮೀಟರ್. ಸಂಗ್ರಹ ಸಾಮರ್ಥ್ಯ ಸುಮಾರು 147 ಟಿಎಂಸಿ ಅಡಿ. ಹೋಲಿಕೆಗೆ ಹೇಳುವುದಾದರೆ, ಕಾವೇರಿ ವಿವಾದದಿಂದಾಗಿ ದೇಶಕ್ಕೆಲ್ಲ ಪರಿಚಿತವಾದ ಕೃಷ್ಣರಾಜಸಾಗರದ ಸಾಮರ್ಥ್ಯ ಸುಮಾರು 49 ಟಿಎಂಸಿ. ಅಂದರೆ ಮೂರು ಕೆಆರ್‌ಎಸ್‌ಗಳ ನೀರು ಸೂಪಾದಲ್ಲಿ ಹಿಡಿಯುತ್ತದೆ. ಆಲಮಟ್ಟಿಗಿಂತಲೂ ಇದು ದೊಡ್ಡದು. ಇಷ್ಟು ದೊಡ್ಡ ಜಲಾಶಯ ತುಂಬಿ ತುಳುಕಿದ ವರ್ಷಗಳನ್ನು ಬೆರಳಲ್ಲಿ ಎಣಿಸಬಹುದು. ಕ್ರೆಸ್ಟ್‌ ಗೇಟ್ ತೆರೆದರೆ ಅದೇ ಸುದ್ದಿಯಾಗುತ್ತದೆ.

ಸೂಪಾ ಕಟ್ಟೆಯ ಬುಡದಲ್ಲಿರುವ ವಿದ್ಯುದಾಗಾರದ್ದು ತಲಾ 50 ಮೆಗಾವ್ಯಾಟ್‌ನ ಎರಡು ಘಟಕ, ಒಟ್ಟು 100 ಮೆಗಾವ್ಯಾಟ್. ಆದರೆ ಸೂಪಾದ ಮಹತ್ವ ಇರುವುದು ಈ 100 ಮೆಗಾವ್ಯಾಟ್‌ನಲ್ಲಿ ಅಲ್ಲ. ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವಿಡೀ ಕೆಳಗಿನ ಸರಪಳಿಗೆ ಒದಗಿಸುವುದು ಅದರ ಕೆಲಸ. ಇಲ್ಲಿಂದ ಬಿಟ್ಟ ನೀರು ಬೊಮ್ಮನಹಳ್ಳಿ ಜಲಾಶಯ ಸೇರಿ, ಸುರಂಗದ ಮೂಲಕ ನಾಗಝರಿಯ ವಿದ್ಯುದಾಗಾರಕ್ಕೆ ಇಳಿಯುತ್ತದೆ. ನಾಗಝರಿಯದು ಸುಮಾರು 900 ಮೆಗಾವ್ಯಾಟ್ ಸಾಮರ್ಥ್ಯ. ಅದೇ ನೀರು ಮತ್ತೆ ಕೊಡಸಳ್ಳಿಯಲ್ಲಿ 120 ಮೆಗಾವ್ಯಾಟ್, ಕದ್ರಾದಲ್ಲಿ 150 ಮೆಗಾವ್ಯಾಟ್ ಘಟಕಗಳನ್ನು ತಿರುಗಿಸುತ್ತದೆ. ಕದ್ರಾದ ನೀರು ಕೈಗಾ ಅಣುಸ್ಥಾವರಕ್ಕೂ ಬೇಕು. ಒಟ್ಟಾರೆ 1,250 ಮೆಗಾವ್ಯಾಟ್ ಮೀರಿದ ಜಲವಿದ್ಯುತ್ ಸರಪಳಿಯ ಬೀಗದ ಕೈ ಇರುವುದು ಸೂಪಾದಲ್ಲಿ.

ಈ ಬೀಗಕ್ಕೆ ತೆತ್ತ ಬೆಲೆ ನೂರು ಚದರ ಕಿಲೋಮೀಟರ್‌ಗೂ ಮೀರಿದ ಮುಳುಗಡೆ. ಅದರಲ್ಲಿ ಸೂಪಾ ಪಟ್ಟಣ ಹೋಯಿತು. ಸುತ್ತಲಿನ ಹಲವು ಹಳ್ಳಿಗಳು ಹೋದವು. ನದಿಕಣಿವೆಯ ಅತ್ಯುತ್ತಮ ಗದ್ದೆ ಬಯಲು ಹೋಯಿತು. ಮಲೆನಾಡಿನಲ್ಲಿ ಅನ್ನ ಬೆಳೆಯುವ ನೆಲ ಇರುವುದೇ ಹೊಳೆಯ ಮಗ್ಗುಲಲ್ಲಿ. ಗುಡ್ಡದ ಮೇಲೆ ಎಷ್ಟು ಎಕರೆ ಕಾಡು ಉಳಿದರೂ ಮುಳುಗಿದ ಒಂದು ಎಕರೆ ಗದ್ದೆಗೆ ಅದು ಸಮನಾಗದು. ಪರಿಹಾರದ ಲೆಕ್ಕ ಹಾಕಿದವರಿಗೆ ಈ ಸತ್ಯ ಎಷ್ಟರಮಟ್ಟಿಗೆ ಅರ್ಥವಾಗಿತ್ತು ಎಂಬುದು ಇಂದಿಗೂ ಚರ್ಚೆಯ ವಿಷಯ.

ಹೆಸರು ಉಳಿಯಿತು, ಊರು ಉಳಿಯಲಿಲ್ಲ

ಮುಳುಗಡೆಯ ನಂತರ ತಾಲೂಕು ಕಚೇರಿಗಳು ಜೋಯಿಡಾಕ್ಕೆ ಸ್ಥಳಾಂತರವಾದವು. ಅಲ್ಲಿಯವರೆಗೆ ಹಳ್ಳಿಯಾಗಿದ್ದ ಜೋಯಿಡಾ ತಾಲೂಕು ಕೇಂದ್ರವಾಯಿತು. ಆದರೆ ಸೂಪಾ ಎಂಬ ಹೆಸರು ದಾಖಲೆಯಿಂದ ಅಳಿಯಲಿಲ್ಲ. 2011ರ ಜನಗಣತಿಯ ಪಟ್ಟಿಯಲ್ಲಿಯೂ ತಾಲೂಕಿನ ಹೆಸರು ಸೂಪಾ ಎಂದೇ ಇದೆ. ಜನರ ಬಾಯಲ್ಲಿ ಜೋಯಿಡಾ, ಕಾಗದದಲ್ಲಿ ಸೂಪಾ. ಇಲ್ಲದ ಊರಿನ ಹೆಸರಿನಲ್ಲಿ ಇರುವ ಜನರ ಗಣತಿ ನಡೆದ ಇಂಥ ಉದಾಹರಣೆ ರಾಜ್ಯದಲ್ಲಿ ವಿರಳ.

ಆ ಗಣತಿಯ ಪ್ರಕಾರ ತಾಲೂಕಿನ ಜನಸಂಖ್ಯೆ ಸುಮಾರು 52 ಸಾವಿರ. ವಿಸ್ತೀರ್ಣದಲ್ಲಿ ಜಿಲ್ಲೆಯ ಅತಿದೊಡ್ಡ ತಾಲೂಕು, ಜನಸಂಖ್ಯೆಯಲ್ಲಿ ಅತಿ ಚಿಕ್ಕದು. ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ. ರಸ್ತೆ, ಬಸ್ಸು, ಆಸ್ಪತ್ರೆ, ಮೊಬೈಲ್ ಗೋಪುರ ಯಾವುದನ್ನೇ ಕೇಳಿದರೂ ಜನಸಂಖ್ಯೆಯ ಮಾನದಂಡ ಅಡ್ಡ ಬರುತ್ತದೆ. ಮತಗಳ ಲೆಕ್ಕದಲ್ಲಿಯೂ ಹಾಗೆಯೇ. ಜೋಯಿಡಾಕ್ಕೆ ಸ್ವಂತ ವಿಧಾನಸಭಾ ಕ್ಷೇತ್ರವಿಲ್ಲ. ಅದು ಹಳಿಯಾಳ ಕ್ಷೇತ್ರದ ಭಾಗ. ನಾಡಿಗೆ ಬೆಳಕು ಕೊಡುವ ಜಲಾಶಯದ ಸುತ್ತಲಿನ ಕಾಡಿನೊಳಗಿನ ಮಜರೆಗಳಿಗೆ ವಿದ್ಯುತ್ ಕಂಬ ತಲುಪಲು ದಶಕಗಳೇ ಹಿಡಿದವು ಎಂಬುದು ಇಲ್ಲಿ ಹಳಸಲು ಮಾತಾಗಿದೆ. ಹಳಸಲಾದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ.

ಮುಳುಗಡೆ ಸಂತ್ರಸ್ತರಿಗೆ ಪುನರ್ವಸತಿ ಒದಗಿಸಿದ್ದು ಮುಖ್ಯವಾಗಿ ರಾಮನಗರದಲ್ಲಿ. ಬೆಂಗಳೂರು ಪಕ್ಕದ ರಾಮನಗರವಲ್ಲ, ಬೆಳಗಾವಿ-ಗೋವಾ ಹೆದ್ದಾರಿಯ ಮೇಲಿರುವ ಜೋಯಿಡಾ ತಾಲೂಕಿನ ರಾಮನಗರ. ಹೊಳೆಯ ದಂಡೆಯ ಕೃಷಿಕ ಹೆದ್ದಾರಿಯ ಮಗ್ಗುಲಿನ ನಿವೇಶನದವನಾದ. ಇಂದು ಅಲ್ಲೊಂದು ಪೇಟೆ ಬೆಳೆದಿದೆ, ಲಾರಿಗಳ ಓಡಾಟವಿದೆ, ಹೋಟೆಲುಗಳಿವೆ. ಆದರೂ ಹಕ್ಕುಪತ್ರ, ಕುಡಿಯುವ ನೀರು, ಸಾಗುವಳಿಯ ಭೂಮಿ ಈ ಮೂರರ ಸುತ್ತಲೇ ಅಲ್ಲಿನ ಬೇಡಿಕೆಗಳು ಸುತ್ತುತ್ತ ಬಂದಿವೆ. 147 ಟಿಎಂಸಿ ನೀರಿಗಾಗಿ ಮನೆ ಬಿಟ್ಟವರು ಕೊಡ ನೀರಿಗಾಗಿ ಮನವಿ ಕೊಡಬೇಕಾಗಿ ಬಂದದ್ದು ವಿಪರ್ಯಾಸವಲ್ಲದೆ ಮತ್ತೇನು?

ಮದ್ದಿನ ಮನೆಯಿಂದ ಹಕ್ಕಿಮನೆಗೆ

ಗಣೇಶಗುಡಿಯ ಕತೆ ಇದಕ್ಕೆ ವಿರುದ್ಧ ದಿಕ್ಕಿನದು. ದಾಂಡೇಲಿಯಿಂದ ಸುಮಾರು 25 ಕಿಲೋಮೀಟರ್ ದೂರದ ಈ ಊರು ಅಣೆಕಟ್ಟು ಕಟ್ಟುವವರ ಊರಾಗಿ ಬೆಳೆಯಿತು. ಕೆಪಿಸಿ ಎಂಜಿನಿಯರುಗಳು, ಗುತ್ತಿಗೆದಾರರು, ಕೂಲಿಕಾರರು, ಅವರಿಗೆ ಬೇಕಾದ ವಸತಿಗೃಹ, ಅಂಗಡಿ, ಶಾಲೆ ಹೀಗೆ ಕಾಡಿನ ನಡುವೆ ಕಾಲೊನಿ ಎದ್ದಿತು. 1980ರ ದಶಕದಲ್ಲಿ ಗಣೇಶಗುಡಿ ಎಂದರೆ ಸಂಬಳದ ದಿನ ಸಂತೆ ನೆರೆಯುವ ಊರು. ಕಟ್ಟೆ ಮುಗಿದ ಮೇಲೆ ಕೆಲಸಗಾರರು ಕೊಡಸಳ್ಳಿಗೆ, ಕದ್ರಾಕ್ಕೆ, ಇನ್ನೂ ದೂರದ ಯೋಜನೆಗಳಿಗೆ ಹೊರಟುಹೋದರು. ವಸತಿಗೃಹಗಳು ಖಾಲಿಯಾದವು. ಯೋಜನಾ ಕಾಲೊನಿಗಳಿಗೆ ಸಾಮಾನ್ಯವಾಗಿ ಬರುವ ಗತಿ ಗಣೇಶಗುಡಿಗೂ ಬಂತು.

ಅದನ್ನು ಬದುಕಿಸಿದ್ದು ಪ್ರವಾಸೋದ್ಯಮ. ರಾಜ್ಯ ಸರಕಾರದ ಒಡೆತನದ ಜಂಗಲ್ ಲಾಡ್ಜಸ್ ಆ್ಯಂಡ್ ರೆಸಾರ್ಟ್ಸ್ ಸಂಸ್ಥೆ ದಾಂಡೇಲಿ ಭಾಗದಲ್ಲಿ ವಸತಿ ಶಿಬಿರ ನಡೆಸುತ್ತ ಬಂದಿತ್ತು. ಕಾಳಿಯ ಬಿಳಿನೀರಿನಲ್ಲಿ ರಾಫ್ಟಿಂಗ್ ಹೆಸರಾಯಿತು. ಗಣೇಶಗುಡಿಯಲ್ಲಿ ಅಣೆಕಟ್ಟು ನಿರ್ಮಾಣದ ಕಾಲಕ್ಕೆ ಸಿಡಿಮದ್ದು ಇಡುತ್ತಿದ್ದ ಉಗ್ರಾಣವಿತ್ತು. ಅದೇ ಇಂದು 'ಓಲ್ಡ್ ಮ್ಯಾಗಜಿನ್ ಹೌಸ್' ಎಂಬ ಹೆಸರಿನ ವಸತಿತಾಣ. ಬಂಡೆ ಸಿಡಿಸುವ ಮದ್ದು ಇದ್ದ ಕಡೆ ಈಗ ಹಕ್ಕಿಗಳ ಸ್ನಾನಕ್ಕೆ ನೀರಿನ ತಟ್ಟೆಗಳನ್ನು ಇಟ್ಟಿದ್ದಾರೆ. ದೇಶದ ನಾನಾ ಕಡೆಯ ಛಾಯಾಗ್ರಾಹಕರು ಅಲ್ಲಿ ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕೂರುತ್ತಾರೆ. ಗಣೇಶಗುಡಿಯ ಐವತ್ತು ವರ್ಷಗಳ ಚರಿತ್ರೆಯನ್ನು ಒಂದೇ ಕಟ್ಟಡದಲ್ಲಿ ಓದಬೇಕೆಂದರೆ ಈ ಮದ್ದಿನ ಮನೆಯನ್ನು ನೋಡಿದರೆ ಸಾಕು.

ಸರಕಾರಿ ಸಂಸ್ಥೆ ತೋರಿದ ದಾರಿಯಲ್ಲಿ ಖಾಸಗಿಯವರು ಬಂದರು. 2000ದ ನಂತರ ಮಾಹಿತಿ ತಂತ್ರಜ್ಞಾನ ಕ್ಷೇತ್ರದ ವಾರಾಂತ್ಯದ ಪ್ರವಾಸಿಗರು ಹೆಚ್ಚಿದಂತೆ ರೆಸಾರ್ಟ್, ಹೋಮ್‌ಸ್ಟೇಗಳ ಫಲಕಗಳು ದಾಂಡೇಲಿಯಿಂದ ಗಣೇಶಗುಡಿಯವರೆಗೂ, ಅಲ್ಲಿಂದ ಜೋಯಿಡಾದತ್ತಲೂ ಹಬ್ಬಿದವು. ಕೊರೊನಾ ನಿರ್ಬಂಧ ತೆರವಾದ ಮೇಲೆ ಈ ಓಟಕ್ಕೆ ಮತ್ತಷ್ಟು ವೇಗ ಬಂತು. ಇತ್ತ ದಾಂಡೇಲಿ 2018ರಲ್ಲಿ ಹಳಿಯಾಳದಿಂದ ಬೇರೆಯಾಗಿ ಪ್ರತ್ಯೇಕ ತಾಲೂಕಾಯಿತು. ಜಾಹೀರಾತುಗಳಲ್ಲಿ ಎಲ್ಲವೂ 'ದಾಂಡೇಲಿ'ಯೇ. ರಾಫ್ಟಿಂಗ್ ನಡೆಯುವುದು ಜೋಯಿಡಾ ತಾಲೂಕಿನಲ್ಲಿ, ಹೆಸರು ದಾಂಡೇಲಿಯದು. ಸೂಪಾಕ್ಕೆ ಹೆಸರು ಉಳಿದು ಊರು ಹೋಯಿತು. ಗಣೇಶಗುಡಿಗೆ ಊರು ಉಳಿದು ಹೆಸರು ಹೋಗುತ್ತಿದೆ ಎನ್ನಬಹುದೇನೋ.

ನೀರಿನ ಕೀಲಿ ಯಾರ ಕೈಯಲ್ಲಿ?

ಈ ಪ್ರವಾಸೋದ್ಯಮದ ಬುನಾದಿ ಎಷ್ಟು ಗಟ್ಟಿ ಎಂಬ ಪ್ರಶ್ನೆಯನ್ನು ಉದ್ಯಮದಲ್ಲಿರುವವರೂ ಆಡಳಿತದಲ್ಲಿರುವವರೂ ಅಷ್ಟಾಗಿ ಕೇಳಿಕೊಂಡಂತಿಲ್ಲ. ರಾಫ್ಟಿಂಗ್ ನಡೆಯುವುದು ವಿದ್ಯುದಾಗಾರದಿಂದ ಹೊರಬರುವ ನೀರಿನ ಮೇಲೆ. ನೀರು ಯಾವಾಗ, ಎಷ್ಟು ಬಿಡಬೇಕೆಂಬುದು ವಿದ್ಯುತ್ ಬೇಡಿಕೆಯನ್ನು ಅವಲಂಬಿಸಿದೆ. ಪ್ರವಾಸಿಗರ ಮುಂಗಡ ಬುಕಿಂಗ್ ನೋಡಿಕೊಂಡು ಯಾರೂ ಯಂತ್ರ ತಿರುಗಿಸುವುದಿಲ್ಲ, ತಿರುಗಿಸಬೇಕೆಂದು ಹೇಳುವುದೂ ಸರಿಯಲ್ಲ.

ವಿದ್ಯುತ್ ಕ್ಷೇತ್ರದ ಲೆಕ್ಕಾಚಾರ ಈಗ ಬದಲಾಗುತ್ತಿದೆ. ಪಾವಗಡದ 2,050 ಮೆಗಾವ್ಯಾಟ್‌ ಸೌರ ಪಾರ್ಕ್ ಸೇರಿದಂತೆ ರಾಜ್ಯದಲ್ಲಿ ಸೌರ ವಿದ್ಯುತ್ತಿನ ಉತ್ಪಾದನೆ ದೊಡ್ಡ ಪ್ರಮಾಣದಲ್ಲಿ ಬೆಳೆದಿದೆ. ಹಗಲು ಹೊತ್ತು ಬಿಸಿಲಿನಿಂದ ವಿದ್ಯುತ್ ಸಿಗುವಾಗ ಜಲಾಶಯದ ನೀರನ್ನು ಉಳಿಸಿ, ಸೂರ್ಯ ಮುಳುಗಿದ ಮೇಲಿನ ಬೇಡಿಕೆಗೆ ಬಳಸುವುದು ಗ್ರಿಡ್ ನಿರ್ವಹಣೆಯ ದೃಷ್ಟಿಯಿಂದ ಜಾಣತನ. ಜಲವಿದ್ಯುತ್ತಿನ ದೊಡ್ಡ ಗುಣವೇ ಬೇಕೆಂದಾಗ ಕೆಲವೇ ನಿಮಿಷಗಳಲ್ಲಿ ಚಾಲೂ ಮಾಡಬಹುದಾದದ್ದು. ಈ ಪ್ರವೃತ್ತಿ ಬಲವಾದಷ್ಟೂ ಕಾಳಿಯಲ್ಲಿ ಹಗಲಿನ ಹರಿವು ಕಡಿಮೆಯಾಗುವ ಸಾಧ್ಯತೆ ಇದೆ. ಕತ್ತಲಲ್ಲಿ ರಾಫ್ಟಿಂಗ್ ಸಾಧ್ಯವಿಲ್ಲ. ಇನ್ನು ಮಳೆ ಕೈಕೊಟ್ಟ ವರ್ಷದಲ್ಲಿ ಬೇಸಿಗೆಗಾಗಿ ನೀರನ್ನು ಬಿಗಿಹಿಡಿಯುವುದು ಅನಿವಾರ್ಯ. ಹೀಗಿರುವಾಗ ನೂರಾರು ಕುಟುಂಬಗಳ ಅನ್ನವನ್ನು ಒಂದೇ ಆಟಕ್ಕೆ ಕಟ್ಟಿಹಾಕುವುದು ವಿವೇಕವೇ?

ನೀರಿಗೆ ಬೇರೆ ದಾವೆದಾರರೂ ಇದ್ದಾರೆ. ಕಾಳಿಯ ನೀರನ್ನು ಪಕ್ಕದ ಬಯಲು ಸೀಮೆಗೆ ಒಯ್ಯುವ ಪ್ರಸ್ತಾಪಗಳು ಮತ್ತೆ ಮತ್ತೆ ತಲೆಯೆತ್ತುತ್ತಿವೆ. ಅದಕ್ಕೆ ದಾಂಡೇಲಿ, ಜೋಯಿಡಾಗಳಲ್ಲಿ ವಿರೋಧವೂ ವ್ಯಕ್ತವಾಗುತ್ತ ಬಂದಿದೆ. ಬಾಯಾರಿದವರಿಗೆ ನೀರು ಬೇಡವೆನ್ನುವುದು ಧರ್ಮವಲ್ಲ ನಿಜ. ಆದರೆ ನದಿ ಹುಟ್ಟುವ ತಾಲೂಕಿನ ಹಳ್ಳಿಗಳ ನಲ್ಲಿಗೇ ಅದೇ ನದಿಯ ನೀರು ಪೂರ್ತಿಯಾಗಿ ಬಾರದಿರುವಾಗ, ಮೊದಲ ಹಕ್ಕು ಯಾರದ್ದೆಂಬ ಪ್ರಶ್ನೆ ಏಳುವುದು ಸಹಜ.

ಸುರಕ್ಷತೆಯದು ಇನ್ನೊಂದು ಮುಖ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿ ಬಳಿ ಮಿತಿಗಿಂತ ಹೆಚ್ಚು ಜನರನ್ನು ಹೊತ್ತಿದ್ದ ರಾಫ್ಟ್ ಒಂದು ಅಪಾಯಕ್ಕೆ ಸಿಲುಕಿದ ದೃಶ್ಯ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಜಿಲ್ಲಾಡಳಿತ ಜಲಸಾಹಸ ಚಟುವಟಿಕೆಗಳನ್ನು ಕೆಲಕಾಲ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ. ಆದರೆ ಅಪಘಾತ ತಪ್ಪಿದ ಮೇಲೆ ನಿಷೇಧ, ಕೆಲ ದಿನಗಳ ನಂತರ ಮತ್ತೆ ಆರಂಭ ಎಂಬ ಸರಣಿಯಲ್ಲಿ ನಷ್ಟ ಅನುಭವಿಸುವವನು ನಿಯಮ ಮುರಿದ ಮಾಲೀಕನಷ್ಟೇ ಅಲ್ಲ. ನಿಯಮ ಪಾಲಿಸಿದವನೂ, ದಿನಗೂಲಿಯ ಗೈಡ್ ಕೂಡ ಮನೆಯಲ್ಲಿ ಕೂರಬೇಕಾಗುತ್ತದೆ. ವರ್ಷವಿಡೀ ನಡೆಯುವ ತಪಾಸಣೆ ಒಂದು ದಿನದ ನಿಷೇಧಕ್ಕಿಂತ ಮೇಲು.

ಹುಲಿ, ಕಾಡು ಮತ್ತು ಎರಡನೇ ಒಕ್ಕಲು

ನೀರಿನಷ್ಟೇ ಮುಖ್ಯವಾದದ್ದು ಕಾಡಿನ ಕಾನೂನು. 1987ರಲ್ಲಿ, ಅಂದರೆ ಅಣೆಕಟ್ಟು ಮುಗಿದ ವರ್ಷವೇ, ಅಣಶಿ ರಾಷ್ಟ್ರೀಯ ಉದ್ಯಾನ ಅಸ್ತಿತ್ವಕ್ಕೆ ಬಂತು. 2007ರಲ್ಲಿ ದಾಂಡೇಲಿ ಧಾಮ ಹಾಗೂ ಅಣಶಿ ಉದ್ಯಾನ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು ಬಂತು. 2011ರಲ್ಲಿ ದಾಂಡೇಲಿ ಭಾಗದ ಕಾಡನ್ನು ಮಂಗಟ್ಟೆ ಹಕ್ಕಿಗಳ ಸಂರಕ್ಷಣೆಗಾಗಿ ಮೀಸಲಿಡಲಾಯಿತು. ಒಂದು ಕಾಲಕ್ಕೆ ಮ್ಯಾಂಗನೀಸ್ ಗಣಿಗಳಿಂದ ಕೆಂಪಾಗಿದ್ದ ಗುಡ್ಡಗಳು ಮತ್ತೆ ಹಸಿರಾಗುತ್ತಿವೆ. ಇದು ನಿರ್ವಿವಾದವಾಗಿ ಒಳ್ಳೆಯ ಸುದ್ದಿ. ಪ್ರವಾಸಿ ಬರುವುದೂ ಈ ಕಾಡಿಗಾಗಿಯೇ.

ಆದರೆ ಕಾಡಿನೊಳಗಿನ ಜನರ ಪಾಲಿಗೆ ಇದು ಎರಡನೇ ಒಕ್ಕಲೆಬ್ಬಿಸುವಿಕೆಯ ಭಯ. ಹುಲಿ ಪ್ರದೇಶದಿಂದ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ಮೊದಲು 10 ಲಕ್ಷ ರೂಪಾಯಿ ಪರಿಹಾರವಿತ್ತು, 2021ರಲ್ಲಿ ಅದು 15 ಲಕ್ಷಕ್ಕೆ ಏರಿತು. ಆಸ್ಪತ್ರೆ ದೂರ, ಮಳೆಗಾಲದಲ್ಲಿ ರಸ್ತೆ ಬಂದ್, ಮಕ್ಕಳ ಶಾಲೆಗೆ ವ್ಯವಸ್ಥೆ ಇಲ್ಲ ಎಂಬ ಕಾರಣಕ್ಕೆ ತಾವಾಗಿ ಹೊರಡುವವರೂ ಇದ್ದಾರೆ. ಸೌಲಭ್ಯ ಕೊಡದೆ ಬೇಸತ್ತು ಹೊರಡುವಂತೆ ಮಾಡಿ ಅದನ್ನು ಸ್ವಇಚ್ಛೆ ಎನ್ನಬಹುದೇ ಎಂಬುದು ಉಳಿದವರ ಪ್ರಶ್ನೆ.

ಅರಣ್ಯ ಹಕ್ಕು ಕಾಯಿದೆ 2006ರಲ್ಲಿ ಬಂತು. ಬುಡಕಟ್ಟು ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ನೆಲೆಯನ್ನು ಸಾಬೀತುಪಡಿಸಬೇಕು. ಇಲ್ಲಿಯೇ ಸೂಪಾದ ನೆರಳು ಬೀಳುತ್ತದೆ. ಮುಳುಗಡೆಯಿಂದ ಎದ್ದು ಬೇರೆಡೆ ಕಾಡಿನಂಚಿನಲ್ಲಿ ಬಿಡಾರ ಹೂಡಿದವನು ಆ ಹೊಸ ಜಾಗದಲ್ಲಿ 75 ವರ್ಷದ ದಾಖಲೆ ಎಲ್ಲಿಂದ ತಂದಾನು? ಅವನ ಮೂರು ತಲೆಮಾರಿನ ಸಾಕ್ಷಿ ಇರುವುದು ನೀರಿನ ಕೆಳಗೆ.

ಕುಣಬಿ ಸಮುದಾಯದ ಸ್ಥಿತಿ ಇನ್ನೂ ವಿಚಿತ್ರ. ಗಡಿಯಾಚೆಯ ಗೋವಾದಲ್ಲಿ ಕುಣಬಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಅದೇ ವರ್ಷ ಉತ್ತರ ಕನ್ನಡದ ಸಿದ್ದಿಗಳಿಗೂ ದೊರೆಯಿತು. ಜೋಯಿಡಾದ ಕುಣಬಿಗಳಿಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ. ಒಂದೇ ಭಾಷೆ, ಒಂದೇ ಕುಲದೇವರು, ಮದುವೆ ಸಂಬಂಧಗಳಿದ್ದರೂ ಘಟ್ಟದ ಆಚೆಗೆ ಒಂದು ಕಾನೂನು, ಈಚೆಗೆ ಇನ್ನೊಂದು. ಅದರ ನೇರ ಪರಿಣಾಮ ಬೀಳುವುದು ಭೂಮಿಯ ಹಕ್ಕಿನ ಮೇಲೆ. ಭೂಮಿಯ ಹಕ್ಕುಪತ್ರವಿಲ್ಲದವನಿಗೆ ಬ್ಯಾಂಕಿನ ಸಾಲವಿಲ್ಲ. ಸಾಲವಿಲ್ಲದವನು ಹೋಮ್‌ಸ್ಟೇ ಕಟ್ಟಲಾರ. ಪ್ರವಾಸೋದ್ಯಮದ ಮೆರವಣಿಗೆಯಲ್ಲಿ ಸ್ಥಳೀಯನು ಮಾಲೀಕನಾಗದೆ ಅಡುಗೆಯವ, ಕಾವಲುಗಾರ, ಚಾಲಕನಾಗಿ ಉಳಿಯುವುದರ ಗುಟ್ಟು ಇದೇ.

ಬೇರೆಡೆಯ ಪಾಠ

ಇದು ಕಾಳಿಯೊಂದರ ಕತೆಯಲ್ಲ. 1960ರ ದಶಕದಲ್ಲಿ ಲಿಂಗನಮಕ್ಕಿಯ ಹಿನ್ನೀರು ಶರಾವತಿ ಕಣಿವೆಯ ಹಳ್ಳಿಗಳನ್ನು ನುಂಗಿತು. ಹಿನ್ನೀರಿನಿಂದ ದ್ವೀಪದಂತಾದ ತುಮರಿ, ಸಿಗಂದೂರು ಭಾಗದ ಜನ ಸೇತುವೆಗಾಗಿ ಆರು ದಶಕ ಕಾದರು. ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅದೇ ಹಿನ್ನೀರಿನ ಹೊನ್ನೆಮರಡು ಜಲಕ್ರೀಡೆಗೆ ಹೆಸರಾದದ್ದು ಅದಕ್ಕೆ ಎಷ್ಟೋ ಮುಂಚೆ. ಪ್ರವಾಸಿಯ ದೋಣಿ ಮೊದಲು, ಊರಿನವರ ಸೇತುವೆ ಆಮೇಲೆ. ಉತ್ತರಾಖಂಡದ ಹಳೆಯ ತೆಹ್ರಿ ಪಟ್ಟಣ ಮುಳುಗಿದ ಜಾಗದಲ್ಲಿಯೂ ಇಂದು ಜಲಕ್ರೀಡೆಯ ಉತ್ಸವಗಳು ನಡೆಯುತ್ತವೆ. ಮುಳುಗಿದ ಊರಿನ ಮೇಲೆ ಪ್ರವಾಸೋದ್ಯಮ ಬೆಳೆಯುವುದು ತಪ್ಪಲ್ಲ. ಮುಳುಗಿದವರಿಗೆ ಅದರಲ್ಲಿ ಪಾಲು ಇಲ್ಲದಿರುವುದು ತಪ್ಪು.

ತಾಲೂಕಿನೊಳಗೇ ಬೇರೆ ದಾರಿಯ ಸುಳಿವೂ ಇದೆ. ಜೋಯಿಡಾದಲ್ಲಿ ಪ್ರತಿವರ್ಷ ನಡೆಯುವ ಗಡ್ಡೆ ಗೆಣಸು ಮೇಳಕ್ಕೆ ಕುಣಬಿ ಹೆಂಗಸರು ಹೊತ್ತು ತರುವ ಗಡ್ಡೆಗಳ ವೈವಿಧ್ಯ ಕಂಡು ಪೇಟೆಯವರು ಬೆರಗಾಗುತ್ತಾರೆ. ಅಣೆಕಟ್ಟಿನ ಯಂತ್ರ ತಿರುಗದಿದ್ದರೂ ಈ ಸಂಪತ್ತು ಬೆಳೆಯುತ್ತದೆ. ಹಕ್ಕಿ ನೋಡುವವರಿಗೆ ವೇಗದ ನೀರು ಬೇಕಿಲ್ಲ, ನಿಶ್ಶಬ್ದವಾದ ಕಾಡು ಸಾಕು. ಉಳವಿಯ ಯಾತ್ರೆ ಅಣೆಕಟ್ಟಿಗಿಂತ ಎಷ್ಟೋ ಶತಮಾನ ಹಳೆಯದು. ಇವೆಲ್ಲವನ್ನೂ ಸೇರಿಸಿದ ಪ್ರವಾಸೋದ್ಯಮ ರಾಫ್ಟಿಂಗ್‌ನಷ್ಟು ಬೇಗ ಹಣ ತರಲಿಕ್ಕಿಲ್ಲ. ಆದರೆ ನೀರು ಬಿಡದ ದಿನವೂ ಒಲೆ ಉರಿಯುತ್ತದೆ.

ಏನಾಗಬೇಕು?

ಮಾಡಬೇಕಾದ ಕೆಲಸಗಳು ಅಸಾಧ್ಯವಾದವೇನಲ್ಲ. ನೀರು ಬಿಡುವ ಸಂಭವನೀಯ ವೇಳೆಯನ್ನು ಮುಂಚಿತವಾಗಿ ಪ್ರಕಟಿಸುವ ವ್ಯವಸ್ಥೆಯಾದರೆ ಪ್ರವಾಸಿಗೂ ದಂಡೆಯ ಹಳ್ಳಿಗರಿಗೂ ಅನುಕೂಲ. ಅನಿರೀಕ್ಷಿತವಾಗಿ ಏರುವ ನೀರಿನ ಅಪಾಯವೂ ತಗ್ಗುತ್ತದೆ. ರಾಫ್ಟಿಂಗ್ ಪರವಾನಗಿಯಲ್ಲಿ, ಹೋಮ್‌ಸ್ಟೇ ಸಹಾಯಧನದಲ್ಲಿ ಮುಳುಗಡೆ ಕುಟುಂಬಗಳಿಗೆ, ಹುಲಿ ಪ್ರದೇಶದಿಂದ ಹೊರಬಂದವರಿಗೆ ಆದ್ಯತೆ ಸಿಗಬೇಕು. ಪ್ರವಾಸಿಗರಿಂದ ಬರುವ ಶುಲ್ಕದ ಒಂದು ಭಾಗ ತಾಲೂಕಿನ ಕುಡಿಯುವ ನೀರಿಗೂ ಆಸ್ಪತ್ರೆಗೂ ಮೀಸಲಾಗಬೇಕು. ರಾಮನಗರದ ಹಕ್ಕುಪತ್ರದ ಕಡತಗಳನ್ನು ಇನ್ನೊಂದು ತಲೆಮಾರಿಗೆ ದಾಟಿಸಬಾರದು.

ಕೊನೆಯದಾಗಿ ಒಂದು ಸಣ್ಣ ಕೆಲಸವಿದೆ. ಗಣೇಶಗುಡಿಗೆ ಬರುವ ಪ್ರವಾಸಿಗೆ ಅಣೆಕಟ್ಟಿನ ಎತ್ತರ, ಉದ್ದ, ವಿದ್ಯುತ್ ಸಾಮರ್ಥ್ಯ ಹೇಳುವವರು ಬೇಕಾದಷ್ಟಿದ್ದಾರೆ. ಈ ನೀರಿನ ಕೆಳಗೆ ಸೂಪಾ ಎಂಬ ಊರಿತ್ತು, ಅದರ ಬೀದಿಗಳು ಹೀಗಿದ್ದವು, ಅಲ್ಲಿನ ಜನ ಇಂತಲ್ಲಿಗೆ ಹೋದರು ಎಂದು ಹೇಳುವ ಒಂದು ವಸ್ತು ಸಂಗ್ರಹಾಲಯ ಬೇಕು. ಆ ಊರನ್ನು ಕಣ್ಣಾರೆ ಕಂಡವರು ಇಂದು ವೃದ್ಧರು. ಅವರ ನೆನಪು, ಅವರ ಮನೆಯ ಹಳೆಯ ಫೋಟೊ, ಕಂದಾಯ ರಸೀದಿ, ಶಾಲೆಯ ದಾಖಲೆಗಳನ್ನು ಸಂಗ್ರಹಿಸಲು ಉಳಿದಿರುವ ಕಾಲ ಹೆಚ್ಚಿಲ್ಲ. ಮೂರು ತಲೆಮಾರಿನ ಸಾಕ್ಷಿ ಕೇಳುವ ಸರಕಾರಕ್ಕೆ ಆ ಸಾಕ್ಷಿಯನ್ನು ಕಾಪಾಡುವ ಹೊಣೆಯೂ ಇದೆ.

ಸೂಪಾದ ನೀರಿನಿಂದ ನಾಡಿಗೆ ಬೆಳಕು ಬಂತು, ಗಣೇಶಗುಡಿಗೆ ಪ್ರವಾಸಿ ಬಂದ. ಆ ನೀರಿಗಾಗಿ ಊರು ಬಿಟ್ಟವರ ಪಾಲಿನ ಲೆಕ್ಕ ಚುಕ್ತಾ ಆಗುವುದು ಯಾವಾಗ?